ಅಂಬಾಸಿಡರ್ ರಾಕರ್ ಬುಷ್: ಸಿದ್ಧ ಸೆಟ್, ಲೇತ್ ಬುಷ್, ಬ್ರಿಟನ್ ಅಸೆಂಬ್ಲಿ, ಯಾವುದಕ್ಕೆ ದುಡ್ಡು ಹಾಕಬೇಕು?

ಟ್ಯಾಪೆಟ್ (ವಾಲ್ವ್ ಅಂತರ) ಹೊಂದಿಸಿದ ಕೆಲವೇ ದಿನಕ್ಕೆ ಮತ್ತೆ ಟಕಟಕ ಎನ್ನುವ ಹಳೆಯ ಅಂಬಾಸಿಡರ್‌ಗೆ ಇನ್ನೊಂದು ಸಲ ಫೀಲರ್ ಗೇಜ್ (ಅಂತರ ಅಳೆಯುವ ತೆಳು ತಗಡು) ಹಿಡಿದು ಪ್ರಯೋಜನವಿಲ್ಲ. ಮೊದಲು ನೋಡಬೇಕಾದ್ದು ರಾಕರ್ ಬುಷ್. ರಾಕರ್ ಎಂದರೆ ಇಂಜಿನ್ನಿನ ಮೇಲ್ಗಡೆ ಒಂದು ಶಾಫ್ಟಿನ ಮೇಲೆ ತೂಗುತ್ತ ವಾಲ್ವ್ ತೆರೆಯುವ ಸಣ್ಣ ತೋಳು, ಬುಷ್ ಎಂದರೆ ಅದರ ತೂತಿನೊಳಗೆ ಕೂರುವ ಲೋಹದ ಬಳೆ. ಎಂಟು ರಾಕರ್, ಎಂಟು ಬುಷ್, ಒಂದೊಂದರ ಗೋಡೆ ಸುಮಾರು 1.6 ಮಿ.ಮೀ. ದಪ್ಪ. ಇಷ್ಟು ಸಣ್ಣ ಸಾಮಾನಿಗೆ ಇವತ್ತು ಮೂರು ದಾರಿಗಳಿವೆ: ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಸಿದ್ಧ ಸೆಟ್, ಲೇತ್‌ನಲ್ಲಿ ಟರ್ನಿಂಗ್ ಮಾಡಿಸಿಕೊಳ್ಳುವ ಬ್ರಾಂಜ್ ಬುಷ್, ಬ್ರಿಟನ್ನಿನಿಂದ ತರಿಸುವ, ಶಾಫ್ಟ್ ರಾಕರ್ ಎಲ್ಲ ಜೋಡಿಸಿದ ಪೂರ್ತಿ ಅಸೆಂಬ್ಲಿ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಬುಷ್ ಎಲ್ಲಿಂದ ಬಂತು ಅನ್ನುವುದಕ್ಕಿಂತ ಅದನ್ನು ರೀಮ್ ಮಾಡುವವರು, ಅಂದರೆ ಒಳತೂತನ್ನು ತೀಡಿ ಅಳತೆಗೆ ತರುವವರು ಯಾರು ಅನ್ನುವುದು ದೊಡ್ಡ ಪ್ರಶ್ನೆ. ಬಜೆಟ್ಟಿನ ಹೆಚ್ಚಿನ ಪಾಲು ಆ ಕೈಗೆ ಹೋಗಲಿ.

ಇಲ್ಲಿ ಹೇಳುತ್ತಿರುವುದು 1489 ಸಿಸಿ ಓವರ್‌ಹೆಡ್ ವಾಲ್ವ್ ಪೆಟ್ರೋಲ್ ಇಂಜಿನ್ನಿನ ಬಗ್ಗೆ. ಬೋರ್ 73.025 ಮಿ.ಮೀ., ಸ್ಟ್ರೋಕ್ 88.9 ಮಿ.ಮೀ.; ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್ ಕುಟುಂಬದ್ದು. ತೀರಾ ಮೊದಲಿನ ಅಂಬಾಸಿಡರ್‌ಗಳಲ್ಲಿದ್ದ 1476 ಸಿಸಿ ಸೈಡ್ ವಾಲ್ವ್ ಇಂಜಿನ್ನಿಗೆ ರಾಕರ್‌ಗಳೇ ಇಲ್ಲ. ಆಮೇಲೆ ಬಂದ 1.8 ಲೀಟರ್ ಇಸುಜು ಇಂಜಿನ್ನಿನ ರಚನೆ ಬೇರೆ, ಇಲ್ಲಿನ ಅಳತೆ ಅದಕ್ಕೆ ಹೊಂದುವುದಿಲ್ಲ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಕಾರಿನ ತಯಾರಿಕೆ 2014ರಲ್ಲಿ ನಿಂತರೂ ಬುಷ್ ಸಿಗುತ್ತಿರುವುದಕ್ಕೆ ಕಾರಣವಿದೆ. 1955ರಲ್ಲಿ ಬಂದ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲೂ ಇದೇ 1489 ಸಿಸಿ ಕುಟುಂಬದ ಇಂಜಿನ್ ಇತ್ತು, ನಂತರದ ಎಂಜಿಬಿಯಲ್ಲಿ ಅದೇ 1798 ಸಿಸಿಗೆ ಬೆಳೆಯಿತು. ಆ ಕಾರುಗಳನ್ನು ಸಾಕುವವರು ಇರುವವರೆಗೆ ಈ ಬುಷ್ಷಿಗೂ ಗಿರಾಕಿ ಇರುತ್ತದೆ.

ಸವೆತ ಎಲ್ಲಿ ಆಗುತ್ತದೆ ಎನ್ನುವುದು ತಿಳಿದರೆ ಮುಂದಿನದೆಲ್ಲ ಸುಲಭ. ರಾಕರ್‌ನ ಒಂದು ತುದಿಯನ್ನು ಪುಶ್‌ರಾಡ್ ಎಂಬ ಉದ್ದ ಕಡ್ಡಿ ಕೆಳಗಿನಿಂದ ಒತ್ತುತ್ತದೆ, ಇನ್ನೊಂದು ತುದಿಯನ್ನು ವಾಲ್ವ್ ಸ್ಪ್ರಿಂಗ್ ಕೆಳಗಿನಿಂದಲೇ ಒತ್ತುತ್ತದೆ. ಹಾಗಾಗಿ ರಾಕರ್ ಯಾವಾಗಲೂ ಮೇಲಕ್ಕೆ ಎಳೆದುಕೊಂಡು, ಬುಷ್ಷಿನ ಕೆಳಗೋಡೆ ಶಾಫ್ಟಿನ ಕೆಳಮೈಯನ್ನು ಉಜ್ಜುತ್ತದೆ. ಕವರ್ ತೆಗೆದು ಮೇಲಿನಿಂದ ನೋಡಿದವರಿಗೆ ಶಾಫ್ಟ್ ಹೊಚ್ಚ ಹೊಸದರಂತೆ ಹೊಳೆಯುವುದು ಇದೇ ಕಾರಣಕ್ಕೆ. ಬಿಚ್ಚಿ ತಿರುಗಿಸಿ ಉಗುರು ಎಳೆದರೆ ಮಾತ್ರ ಮೆಟ್ಟಿಲು ಕೈಗೆ ಸಿಗುತ್ತದೆ. ಉಗುರು ತಡೆಯಿತೆಂದರೆ ಆ ಶಾಫ್ಟ್ ಮುಗಿಯಿತು. ಎಣ್ಣೆ ತೂತುಗಳ ಮತ್ತು ಲಾಕ್ ಸ್ಕ್ರೂ ಕೂರುವ ಗುಳಿಯ ಜಾಗ ನಿಗದಿಯಾಗಿರುವುದರಿಂದ ಅದನ್ನು ಮಗ್ಗುಲು ಬದಲಿಸಿ ಹಾಕುವಂತಿಲ್ಲ.

ಎಣ್ಣೆ ಇಲ್ಲಿಗೆ ಬರುವುದೂ ಬಹಳ ಸುತ್ತು ಹಾಕಿಕೊಂಡು. ಕ್ಯಾಮ್‌ಶಾಫ್ಟಿನ ಹಿಂದಿನ ಬೇರಿಂಗ್‌ನಿಂದ ಬ್ಲಾಕ್, ಹೆಡ್ ದಾಟಿ ಹಿಂದಿನ ರಾಕರ್ ಬ್ರಾಕೆಟ್ಟಿನ ಮೂಲಕ ಟೊಳ್ಳು ಶಾಫ್ಟಿನೊಳಗೆ ಬಂದು, ಅಲ್ಲಿಂದ ಮುಂದಿನ ರಾಕರ್‌ಗಳಿಗೆ ಹೋಗಬೇಕು. ಹಿಂದಿನ ಬುಷ್‌ಗಳು ಸಡಿಲವಾದರೆ ಎಣ್ಣೆ ಅಲ್ಲೇ ಸೋರಿ, ಒಂದನೇ ಸಿಲಿಂಡರ್ ಕಡೆಯವು ಒಣಗುತ್ತವೆ. ಸೋರಿದ ಎಣ್ಣೆ ವಾಲ್ವ್ ಕಾಂಡದ ಗುಂಟ ಇಳಿದು ನೀಲಿ ಹೊಗೆಯಾಗುತ್ತದೆ. ಹೊಗೆ ಕಂಡ ಗ್ಯಾರೇಜಿನವರು ಪಿಸ್ಟನ್ ರಿಂಗ್ ಅನ್ನುತ್ತಾರೆ, ಖರ್ಚು ಇಂಜಿನ್ ಬಿಚ್ಚುವವರೆಗೆ ಹೋಗುತ್ತದೆ. ರಿಂಗ್ ಮಾತು ಬಂದಾಗಲೆಲ್ಲ ಕಂಪ್ರೆಷನ್ ಪರೀಕ್ಷೆಯ ಜೊತೆಗೆ ರಾಕರ್ ಅಲುಗಾಡಿಸಿ ನೋಡಿ ಎಂದು ಕೇಳುವ ಹಕ್ಕು ಮಾಲೀಕರಿಗಿದೆ. ಆ ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಿರುವಾಗ ರಾಕರನ್ನು ಹಿಡಿದು ನೇರ ಮೇಲೆ ಕೆಳಗೆ ಅಲುಗಿಸಬೇಕು, ಓರೆಯಾಗಿ ಅಲ್ಲ. ಒಳ್ಳೆಯ ಬುಷ್ಷಿನಲ್ಲಿ ಕೈಗೆ ಪ್ಲೇ ತಿಳಿಯುವುದಿಲ್ಲ.

ಇನ್ನು ಅಳತೆ. ಬಿ ಸೀರೀಸ್ ವರ್ಕ್‌ಶಾಪ್ ಮ್ಯಾನುಯಲ್ ಪ್ರಕಾರ ಶಾಫ್ಟಿನ ವ್ಯಾಸ 0.624ರಿಂದ 0.625 ಇಂಚು, ರೀಮ್ ಮಾಡಿದ ಬುಷ್ಷಿನ ಒಳವ್ಯಾಸ 0.6255ರಿಂದ 0.626 ಇಂಚು, ಬುಷ್ ಕೂರುವ ರಾಕರ್ ತೂತು 0.7485ರಿಂದ 0.7495 ಇಂಚು. ಅಂದರೆ ಶಾಫ್ಟಿಗೂ ಬುಷ್ಷಿಗೂ ನಡುವೆ ಅರ್ಧ ಥೌನಿಂದ ಎರಡು ಥೌ ಅಂತರ (ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ), ಮಿಲಿಮೀಟರಿನಲ್ಲಿ 0.013ರಿಂದ 0.05. ಹೊಸ ಕೆಲಸಕ್ಕೆ ಒಂದು ಥೌ, ಅಂದರೆ 0.025 ಮಿ.ಮೀ. ಗುರಿ ಇಟ್ಟುಕೊಳ್ಳುವುದು ಒಳ್ಳೆಯದು. ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ವರ್ಕ್‌ಶಾಪಿಗೆ ಕೊಡಿ. ಬಾಯಲ್ಲಿ ಹೇಳಿದ ಅಳತೆ ಸಂಜೆಯ ಹೊತ್ತಿಗೆ ಬದಲಾಗಿರುತ್ತದೆ.

ಮೊದಲನೆಯದು ಅಂಗಡಿಯ ಸಿದ್ಧ ಸೆಟ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಕೋಲ್ಕತ್ತದ ಮಲ್ಲಿಕ್ ಬಜಾರಿನಲ್ಲಿ ಹುಡುಕುವವರ ಕೈಗೆ ಬರುವುದು ಹೆಚ್ಚಾಗಿ ಇದೇ. ಮೂಲ ವಿನ್ಯಾಸದಂತೆ ಸೀಳು ಇರುವ, ತಗಡು ಸುತ್ತಿ ಮಾಡಿದ ಬುಷ್ ಆದರೆ ಧೈರ್ಯವಾಗಿ ಕೊಳ್ಳಬಹುದು. ಹೊರವ್ಯಾಸ ಸುಮಾರು 0.751 ಇಂಚು ಇರಬೇಕು, ಒತ್ತಿದಾಗ ಒಂದೂವರೆಯಿಂದ ಎರಡೂವರೆ ಥೌ ಬಿಗಿ ಸಿಗಬೇಕು, ಅಂದರೆ ಬುಷ್ ತೂತಿಗಿಂತ ಅಷ್ಟು ದೊಡ್ಡದಿರಬೇಕು. ಅಂಗಡಿಗೆ ಮೈಕ್ರೋಮೀಟರ್ ತೆಗೆದುಕೊಂಡು ಹೋಗುವುದರಲ್ಲಿ ಸಂಕೋಚ ಬೇಡ. ಎಂಟರ ಬದಲು ಹತ್ತು ತನ್ನಿ, ಒತ್ತುವಾಗ ಒಂದೆರಡು ಕೆಡುವುದುಂಟು. ಈ ಸೆಟ್ಟಿನ ದೋಷ ಒಂದೇ: ಹೊರವ್ಯಾಸ ಒಂದೇ ಅಳತೆಯದು. ಹಿಂದೆ ಯಾವಾಗಲೋ ಬುಷ್ ಒಳಗೇ ತಿರುಗಿ ರಾಕರ್ ತೂತು ದೊಡ್ಡದಾಗಿದ್ದರೆ ಇದು ನಿಲ್ಲುವುದಿಲ್ಲ. ಲಾಕ್‌ಟೈಟ್ ಅಂಟು ಹಚ್ಚಿ ಕೂರಿಸುತ್ತೇವೆ ಎನ್ನುವವರಿಂದ ರಾಕರ್ ವಾಪಸ್ ತೆಗೆದುಕೊಂಡು ಬನ್ನಿ.

ಎಚ್ಚರದ ಮಾತೊಂದು. 5/8 ಇಂಚು ಒಳವ್ಯಾಸ, 3/4 ಇಂಚು ಹೊರವ್ಯಾಸದ ಸಿಂಟರ್ಡ್ ಬ್ರಾಂಜ್ ಬುಷ್ ಬೇರಿಂಗ್ ಅಂಗಡಿಗಳಲ್ಲಿ ಸಿದ್ಧವಾಗಿ ಸಿಗುತ್ತದೆ. ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ, ಎಣ್ಣೆ ಹೀರಿಕೊಂಡಿರುವ ಮಾಲು ಅದು. ಅಳತೆ ಹೊಂದಿತೆಂದು ಹಾಕಿಬಿಡುವವರಿದ್ದಾರೆ. ಫ್ಯಾನು, ಸಣ್ಣ ಮೋಟಾರುಗಳಿಗೆ ಅದು ಚಿನ್ನದಂಥ ವಸ್ತು. ರಾಕರ್‌ನ ಹೊಡೆತಕ್ಕೆ ಅಲ್ಲ. ರೀಮರ್ ಆಡಿಸಿದ ಕೂಡಲೇ ಅದರ ಸೂಕ್ಷ್ಮ ರಂಧ್ರಗಳು ಮುಚ್ಚಿಹೋಗುತ್ತವೆ, ಅದರ ಗುಣವೇ ಅಲ್ಲಿಗೆ ಕಳೆಯಿತು.

ಎರಡನೆಯದು ಲೇತ್ ಬುಷ್. ನಮ್ಮ ಮೆಚ್ಚುಗೆ ಇದಕ್ಕೇ. ಗಟ್ಟಿ ಫಾಸ್ಫರ್ ಬ್ರಾಂಜ್ ಸರಳಿನಿಂದ ಟರ್ನಿಂಗ್ ಮಾಡಿದ ಬುಷ್ಷಿಗೆ ಸೀಳು ಇರುವುದಿಲ್ಲ, ಪ್ರತಿ ರಾಕರ್ ತೂತನ್ನು ಅಳೆದು ಅದಕ್ಕೆ ತಕ್ಕ ಹೊರವ್ಯಾಸ ಕೊಡಬಹುದು. ಗಟ್ಟಿ ಬುಷ್ ಸುತ್ತು ಬುಷ್ಷಿನಷ್ಟು ಕುಗ್ಗುವುದಿಲ್ಲ, ಹಾಗಾಗಿ ಬಿಗಿ ಒಂದರಿಂದ ಒಂದೂವರೆ ಥೌ ಸಾಕು. ಒಳವ್ಯಾಸವನ್ನು ಆರರಿಂದ ಎಂಟು ಥೌ ಚಿಕ್ಕದಾಗಿ ಬಿಡಿಸಿ, ಉಳಿದದ್ದು ರೀಮರ್ ಪಾಲು. ಗನ್‌ಮೆಟಲ್ ಆದರೂ ನಡೆಯುತ್ತದೆ. ಹಿತ್ತಾಳೆ ಮಾತ್ರ ಬೇಡವೇ ಬೇಡ. ಸರಳಿನ ತುದಿಗೆ ಫೈಲ್ ಎಳೆದು ನೋಡಿ. ಹಿತ್ತಾಳೆಯ ಮೈ ಅರಿಶಿನ ಬಣ್ಣಕ್ಕೆ ಹೊಳೆಯುತ್ತದೆ, ಫಾಸ್ಫರ್ ಬ್ರಾಂಜ್ ಮತ್ತು ಗನ್‌ಮೆಟಲ್ ಕೆಂಪು ಛಾಯೆಗೆ ತಿರುಗಿರುತ್ತವೆ.

ಲೇತ್ ಬುಷ್ಷಿನಲ್ಲಿ ಸಾಮಾನ್ಯವಾಗಿ ಮರೆತುಹೋಗುವುದು ಎಣ್ಣೆ ಗ್ರೂವ್, ಅಂದರೆ ಒಳಮೈಯಲ್ಲಿ ಎಣ್ಣೆ ಹರಿಯಲು ಕೊರೆದ ಗೀರು. ಭಾರ ಬೀಳುವುದು ಬುಷ್ಷಿನ ಕೆಳಭಾಗದ ಮೇಲೆ, ಗ್ರೂವ್ ಕೂಡ ಅಲ್ಲೇ ಬರಬೇಕು. ಅದು ಎರಡೂ ಅಂಚಿನವರೆಗೆ ಹೋಗಬಾರದು, ಹೋದರೆ ಎಣ್ಣೆ ಪಕ್ಕಕ್ಕೆ ಹರಿದುಹೋಗುತ್ತದೆ. ಸೀಳು ಇರುವ ಮೂಲ ಬುಷ್ ಹಾಕುವುದಾದರೆ ಸೀಳು ಮೇಲಕ್ಕೆ, ಗ್ರೂವ್ ಕೆಳಕ್ಕೆ. ಇದನ್ನು ತಿರುವುಮುರುವು ಮಾಡಿದ ಕೆಲಸ ನೋಡಲು ಚೆನ್ನಾಗಿಯೇ ಇರುತ್ತದೆ, ಸದ್ದು ಬೇಗ ಮರಳುತ್ತದೆ.

ಮೂರನೆಯದು ಬ್ರಿಟನ್ ಅಸೆಂಬ್ಲಿ. ಎಂಜಿ ಕಾರುಗಳಿಗೆಂದು ಬರುವ ಈ ಸೆಟ್ಟಿನಲ್ಲಿ ಶಾಫ್ಟ್, ರಾಕರ್, ಬುಷ್ ಎಲ್ಲ ಜೋಡಿಸಿಯೇ ಇರುತ್ತದೆ. ಕೆಲಸ ಅಚ್ಚುಕಟ್ಟು, ಸಮಯ ಉಳಿತಾಯ. ಆದರೆ ಸಾಗಣೆ, ಸುಂಕ ಸೇರಿ ಬೆಲೆ ಏರುತ್ತದೆ, ಜೊತೆಗೆ ಬ್ರಾಕೆಟ್ಟಿನ ಎತ್ತರ, ಶಾಫ್ಟಿನ ಉದ್ದ, ಎಣ್ಣೆ ತೂತಿನ ಜಾಗ ನಿಮ್ಮ ಹಳೆಯದಕ್ಕೆ ಹೊಂದುತ್ತದೆಯೇ ಎಂದು ಒಂದೊಂದಾಗಿ ಅಳೆದು ಕೇಳಬೇಕು. ರಾಕರ್‌ಗಳೇ ಮುರಿದಿವೆ, ವಾಲ್ವ್‌ಗೆ ಬಡಿಯುವ ಪ್ಯಾಡ್‌ಗಳು ಗುಳಿಬಿದ್ದು ತೇಯಲು ಲೋಹ ಉಳಿದಿಲ್ಲ ಅನ್ನುವ ಸ್ಥಿತಿಗೆ ಇದು ಸರಿ. ಬರೀ ಬುಷ್ ಸವೆದಿದ್ದರೆ ದುಂದು. ಇಲ್ಲಿ ಒಂದು ವಿಷಯ ಮಾತ್ರ ಬ್ರಿಟನ್ ಮಾಲಿನ ಪರ: ಶಾಫ್ಟಿನ ಗಡಸುತನ. ಸ್ಥಳೀಯವಾಗಿ ಸಿಗುವ ಶಾಫ್ಟುಗಳಲ್ಲಿ ಗಡಸು ಮಾಡದ ಮೆದು ಉಕ್ಕಿನವೂ ಸೇರಿಕೊಂಡಿರುತ್ತವೆ. ಬ್ರಾಕೆಟ್ಟಿನ ಹೊರಗೆ ಚಾಚುವ ತುದಿಯಲ್ಲಿ ಹರಿತ ಫೈಲ್ ಎಳೆದರೆ ಅದು ಜಾರಬೇಕು. ಕಚ್ಚಿ ಪುಡಿ ತೆಗೆದರೆ ಆ ಶಾಫ್ಟ್ ಬೇಡ. ಬೇಕಿದ್ದರೆ ಶಾಫ್ಟ್ ಒಂದನ್ನೇ ಹೊರಗಿನಿಂದ ತರಿಸಿ, ಬುಷ್ ಇಲ್ಲೇ ಮಾಡಿಸಿ. ಗುಣಕ್ಕೂ ಜೇಬಿಗೂ ಒಗ್ಗುವ ಜೋಡಿ ಇದು.

ಇನ್ನು ಸೇವೆಯ ಮಾತು. ಗ್ಯಾರೇಜು ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: "ರಾಕರ್ ಬಿಚ್ಚುವ ಮೊದಲು ರೇಡಿಯೇಟರ್ ನೀರು ತೆಗೀತೀರಾ?" ಬರೀ ರಾಕರ್ ತೆಗೆಯಲು ನೀರು ಯಾಕೆ ಎಂದು ನಕ್ಕವರ ಕೈಗೆ ಈ ಇಂಜಿನ್ ಕೊಡಬೇಡಿ. ನಾಲ್ಕು ಬ್ರಾಕೆಟ್ಟುಗಳನ್ನು ಹಿಡಿದಿರುವ ಎಂಟು ನಟ್ಟುಗಳಲ್ಲಿ ನಾಲ್ಕು ಸಿಲಿಂಡರ್ ಹೆಡ್ಡನ್ನೂ ಹಿಡಿದಿರುತ್ತವೆ. ಅವನ್ನಷ್ಟೇ ಸಡಿಲಿಸಿದರೆ ಹೆಡ್ಡಿನ ಒಂದು ಬದಿಗೆ ಮಾತ್ರ ಬಿಗಿ ಉಳಿದು ಹೆಡ್ ಸೊಟ್ಟಗಾಗಬಹುದು, ನೀರು ಸಿಲಿಂಡರಿಗೂ ಕೆಳಗಿನ ಎಣ್ಣೆ ತೊಟ್ಟಿಗೂ (ಸಂಪ್) ಇಳಿಯಬಹುದು. ಆದ್ದರಿಂದ ಮೊದಲು ನೀರು ತೆಗೆಯಬೇಕು, ನಂತರ ಹೆಡ್ಡಿನ 11 ನಟ್ಟುಗಳನ್ನೂ ಕ್ರಮವಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು, ಆಮೇಲೆ ಬ್ರಾಕೆಟ್ ನಟ್ಟುಗಳನ್ನು ಒಂದೊಂದು ಸುತ್ತಿನಂತೆ ಬಿಡಬೇಕು. ಕೆಲಸವೆಲ್ಲ ತಣ್ಣಗಿನ ಇಂಜಿನ್ನಿನ ಮೇಲೆ. ಹಳೆಯ ಹೆಡ್ ಗ್ಯಾಸ್ಕೆಟ್ ಮತ್ತೆ ಬಿಗಿದಾಗ ನಿಲ್ಲುತ್ತದೆ ಎಂಬ ಖಾತ್ರಿ ಇಲ್ಲ, ಹೊಸದೊಂದನ್ನು ತಂದಿಟ್ಟುಕೊಂಡೇ ಶುರು ಮಾಡುವುದು ಜಾಣತನ.

ಅಸೆಂಬ್ಲಿ ಎತ್ತುವಾಗ ಬ್ರಾಕೆಟ್ಟಿನ ಅಡಿಯಲ್ಲಿ ಶಿಮ್ (ಎತ್ತರ ಹೊಂದಿಸುವ ತೆಳು ತಗಡು) ಇದ್ದರೆ ಯಾವುದರದ್ದು ಯಾವುದೆಂದು ಗುರುತಿಟ್ಟುಕೊಳ್ಳಬೇಕು. ಪುಶ್‌ರಾಡುಗಳನ್ನು ತಿರುಚಿ ಬಿಡಿಸಿಕೊಂಡು ಎತ್ತಬೇಕು, ಇಲ್ಲದಿದ್ದರೆ ಕೆಳಗೆ ಕ್ಯಾಮ್ ಮೇಲೆ ಕೂರುವ ಟ್ಯಾಪೆಟ್ ಎಂಬ ಬಿಡಿಭಾಗ ಅದಕ್ಕೆ ಅಂಟಿಕೊಂಡು ಮೇಲೆದ್ದು ಓರೆಯಾಗುತ್ತದೆ. ರಟ್ಟಿನಲ್ಲಿ ಎಂಟು ತೂತು ಮಾಡಿ ಅದೇ ಕ್ರಮದಲ್ಲಿ ಚುಚ್ಚಿಡಿ. ಹಿಂದಿನ ಬ್ರಾಕೆಟ್ಟಿನ ಲಾಕ್ ಸ್ಕ್ರೂ ತೆಗೆದು, ತುದಿಯ ಸ್ಪ್ಲಿಟ್ ಪಿನ್ನು, ವಾಷರ್, ಸ್ಪ್ರಿಂಗ್‌ಗಳನ್ನು ಬರುವ ಕ್ರಮದಲ್ಲೇ ತಂತಿಗೆ ಪೋಣಿಸಿ. ಶಾಫ್ಟಿನ ಮುಂದಿನ ತುದಿಯ ಪ್ಲಗ್ ಥ್ರೆಡ್ ಇರುವಂಥದು. ಅದನ್ನು ಬಿಚ್ಚಿದರೆ ಒಳಗೆ ಕಟ್ಟಿದ ಕಪ್ಪು ಮಡ್ಡಿ ಕಾಣುತ್ತದೆ. ಶಾಫ್ಟನ್ನೇ ಮತ್ತೆ ಬಳಸುವುದಾದರೆ ಆ ಮಡ್ಡಿ ಪೂರ್ತಿ ಹೋಗಲೇಬೇಕು, ಯಾಕೆಂದರೆ ಹಳೆಯ ಬುಷ್ಷನ್ನು ಕೊಂದದ್ದು ಬಹುಶಃ ಅದೇ.

ಬುಷ್ ತೆಗೆಯುವುದಕ್ಕೂ ಒತ್ತುವುದಕ್ಕೂ ಮೆಟ್ಟಿಲು ಇರುವ ಮ್ಯಾಂಡ್ರೆಲ್ ಬೇಕು: ಬುಷ್ಷಿನೊಳಗೆ ಕೂರುವ ಒಂದು ಭಾಗ, ಅದರ ಅಂಚನ್ನು ಒತ್ತುವ ಇನ್ನೊಂದು ಭಾಗ. ರಾಕರ್ ಕೆಳಗೆ 20 ಮಿ.ಮೀ. ತೂತಿನ ಬಳೆ ಇಟ್ಟು, ಪ್ರೆಸ್ಸಿನಲ್ಲೋ ವೈಸಿನಲ್ಲೋ ನಿಧಾನವಾಗಿ ಒತ್ತಬೇಕು. ಸುತ್ತಿಗೆಯಲ್ಲಿ ಬಡಿದ ಬುಷ್ಷಿನ ಬಾಯಿ ಅಗಲವಾಗುತ್ತದೆ, ಮುಂದೆ ರೀಮರ್ ಅದನ್ನು ಸರಿಮಾಡಲಾರದು.

ಈಗ ಬರುವುದು ಈ ಕೆಲಸದ ಹೃದಯ, ಎಣ್ಣೆ ತೂತುಗಳು. ಹೊಸ ಬುಷ್ ಒತ್ತಿದ ಕೂಡಲೇ ರಾಕರ್‌ನ ಎಣ್ಣೆ ದಾರಿಗಳೆಲ್ಲ ಮುಚ್ಚಿಹೋಗಿರುತ್ತವೆ. ಒಂದು ದಾರಿ ಟ್ಯಾಪೆಟ್ ಸ್ಕ್ರೂ ಕಡೆಗೆ ಹೋಗುತ್ತದೆ, ಅದರ ಹೊರತುದಿಯನ್ನು ಸಣ್ಣ ರಿವೆಟ್ ಮುಚ್ಚಿದೆ. ಇನ್ನೊಂದು ರಾಕರ್ ನಡುಭಾಗದ ಮೇಲ್ಗಡೆ ತೆರೆದುಕೊಳ್ಳುತ್ತದೆ. ಮ್ಯಾನುಯಲ್ ಹೇಳುವ ಕ್ರಮ ಹೀಗೆ: ರಿವೆಟ್ಟನ್ನು 43ನೇ ನಂಬರಿನ ಡ್ರಿಲ್‌ನಿಂದ ಕೊರೆದು, ಅದೇ ದಾರಿಯಲ್ಲಿ ಬುಷ್ಷಿನೊಳಗೂ ತೂತು ಮುಂದುವರಿಸಬೇಕು. ಮೇಲಿನದ್ದನ್ನು 47ನೇ ನಂಬರಿನಿಂದ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ನಂಬರ್ ಡ್ರಿಲ್ ಸಿಗದಿದ್ದರೆ 2.25 ಮತ್ತು 2 ಮಿ.ಮೀ. ಡ್ರಿಲ್ ಅದೇ ಕೆಲಸ ಮಾಡುತ್ತವೆ. ಬಳಿಕ ಹೊಸ ರಿವೆಟ್ ಹೊಡೆದು ಒಂದು ಚುಕ್ಕೆ ವೆಲ್ಡಿಂಗ್. ರಾಕರ್‌ಗೆ ಒದ್ದೆ ಬಟ್ಟೆ ಸುತ್ತಿ ವೆಲ್ಡ್ ಮಾಡಿಸಿ, ಶಾಖ ಬುಷ್ಷಿಗೆ ಹತ್ತದಿರಲಿ. ರಿವೆಟ್ ಹಾಕದೆ ಬಿಟ್ಟರೆ ಎಣ್ಣೆ ಹೊರಗೆ ಚಿಮ್ಮಿ, ಸ್ಕ್ರೂ ಗುಂಡು ಮತ್ತು ಪುಶ್‌ರಾಡ್ ಬಟ್ಟಲು ಒಣಗಿ ಸವೆಯುತ್ತವೆ. ತೂತೇ ಕೊರೆಯದೆ ಬಿಟ್ಟರೂ ಅದೇ ಗತಿ. ವರ್ಕ್‌ಶಾಪಿನಿಂದ ರಾಕರ್ ಬಿಡಿಸಿಕೊಳ್ಳುವಾಗ ಎರಡೂ ದಾರಿಗೆ ತೆಳು ತಂತಿ ತೂರಿಸಿ, ಎಂಟಕ್ಕೆ ಎಂಟನ್ನೂ ನೋಡಿಯೇ ದುಡ್ಡು ಕೊಡಿ.

ರೀಮಿಂಗ್ ಕಟ್ಟಕಡೆಗೆ, ವೆಲ್ಡಿಂಗ್ ಆದ ಮೇಲೆ. ಒತ್ತಿದಾಗ ಬುಷ್ ಒಳಕ್ಕೆ ಕುಗ್ಗುತ್ತದೆ, ಆದ್ದರಿಂದ ಮೊದಲೇ ಅಂತಿಮ ಅಳತೆಗೆ ತಂದದ್ದು ಉಪಯೋಗಕ್ಕೆ ಬಾರದು. ಉದ್ದ ಪೈಲಟ್ ಇರುವ ಅಡ್ಜಸ್ಟೆಬಲ್ ರೀಮರಿನಲ್ಲಿ ಒಂದು ಸಲಕ್ಕೆ ಅರ್ಧ ಥೌ ಮೀರದಂತೆ ತೆಗೆಯಬೇಕು. ಕನೆಕ್ಟಿಂಗ್ ರಾಡಿನ ಸ್ಮಾಲ್ ಎಂಡ್ ಬುಷ್ ಕೆಲಸ ಮಾಡುವ ಇಂಜಿನ್ ರೀಬೋರಿಂಗ್ ವರ್ಕ್‌ಶಾಪುಗಳಲ್ಲಿ ಪಿನ್ ಹೋನಿಂಗ್ (ತೂತನ್ನು ನಯವಾಗಿ ತೀಡುವ) ಯಂತ್ರ ಇದ್ದರೆ ಕೊನೆಯ ಅರ್ಧ ಥೌ ಅದರಲ್ಲೇ ಆಗಲಿ. ತೂತು ಎರಡೂ ತುದಿಯಲ್ಲಿ ಒಂದೇ ಅಳತೆ ಬರುವುದು ಆ ಯಂತ್ರದಲ್ಲಿ. ಶಾಫ್ಟನ್ನು ವರ್ಕ್‌ಶಾಪಿಗೇ ಕೊಟ್ಟು, ಪ್ರತಿ ರಾಕರನ್ನೂ ಅದು ಕೂರುವ ಜಾಗಕ್ಕೇ ಹೊಂದಿಸಿ ನಂಬರ್ ಹಾಕಿಸಿ. ತೆಳು ಎಣ್ಣೆ ಹಚ್ಚಿ ಶಾಫ್ಟಿಗೆ ಏರಿಸಿದರೆ ರಾಕರ್ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿಯಬೇಕು, ಆದರೆ ಓರೆ ಅಲುಗಬಾರದು. "ಸ್ವಲ್ಪ ಟೈಟ್ ಇರ್ಲಿ, ಓಡ್ತಾ ಓಡ್ತಾ ಸರಿ ಹೋಗುತ್ತೆ" ಎಂಬ ಮಾತನ್ನು ಒಪ್ಪಬೇಡಿ. ಬಿಸಿಯಾದಾಗ ಬ್ರಾಂಜ್ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ, ಹೊರಗೆ ಉಕ್ಕಿನ ರಾಕರ್ ತಡೆದಿರುವುದರಿಂದ ಒಳಕ್ಕೇ ಹಿಗ್ಗಬೇಕು. ಬಿಗಿ ರಾಕರ್ ಹಿಡಿದುಕೊಂಡರೆ ಪುಶ್‌ರಾಡ್ ಬಾಗುತ್ತದೆ ಅಥವಾ ಜಾಗ ಬಿಟ್ಟು ಹಾರುತ್ತದೆ.

ಬ್ರಾಂಜ್ ಪುಡಿ ತೂತುಗಳಲ್ಲಿ ಅಡಗಿ ಕೂರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಸೋಪಿನ ಬಿಸಿನೀರಿನಲ್ಲಿ ಇನ್ನೊಮ್ಮೆ ತೊಳೆದು, ಗಾಳಿ ಹೊಡೆಸಿ. ರಾಕರ್ ಪ್ಯಾಡನ್ನೂ ಇದೇ ಹೊತ್ತಿನಲ್ಲಿ ನೋಡಿ. ವಾಲ್ವ್ ಕಾಂಡದ ತುದಿಗೆ ಬಡಿಯುವ ಜಾಗದಲ್ಲಿ ಗುಳಿ ಇದ್ದರೆ ಫೀಲರ್ ಗೇಜ್ ಗುಳಿಯ ಮೇಲೆ ಸೇತುವೆಯಾಗಿ ಕೂತು ಸುಳ್ಳು ಅಳತೆ ಕೊಡುತ್ತದೆ. ಮೂಲ ಬಾಗು ಕೆಡದಂತೆ ತೆಳುವಾಗಿ ತೇಯಿಸಬೇಕು.

ಜೋಡಿಸುವಾಗ ಬ್ರಾಕೆಟ್ಟಿನ ಸಣ್ಣ ನಟ್ಟುಗಳಿಗೆ 25 ಪೌಂಡ್-ಅಡಿ, ಅಂದರೆ ಸುಮಾರು 34 ನ್ಯೂಟನ್ ಮೀಟರ್ ಟಾರ್ಕ್. ಹೆಡ್ ನಟ್ಟುಗಳಿಗೆ ನಿಮ್ಮ ಮಾಡೆಲ್ಲಿನ ಮ್ಯಾನುಯಲ್ ಅಂಕಿ, ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ. ಟ್ಯಾಪೆಟ್ ಅಂತರ ಬಿ ಸೀರೀಸ್‌ನ ಹಲವು ಇಂಜಿನ್ನುಗಳಿಗೆ 0.015 ಇಂಚು, ಬಿಸಿಯಲ್ಲೋ ತಣ್ಣಗೋ ಎಂಬುದಕ್ಕೆ ಮ್ಯಾನುಯಲ್ ನೋಡಿ. ಯಾವ ವಾಲ್ವ್ ಹೊಂದಿಸುವಾಗ ಯಾವುದು ಪೂರ್ತಿ ತೆರೆದಿರಬೇಕು ಎನ್ನುವುದಕ್ಕೆ ಒಂಬತ್ತರ ಲೆಕ್ಕ: 8 ತೆರೆದಾಗ 1, 6 ತೆರೆದಾಗ 3, ಹೀಗೆ ಎರಡರ ಮೊತ್ತ ಯಾವಾಗಲೂ 9.

ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ರಾಕರ್ ಕವರ್ ಇಲ್ಲದೆ ಸ್ಟಾರ್ಟರ್ ತಿರುಗಿಸಿ. ಒಂದನೇ ಸಿಲಿಂಡರಿನ ರಾಕರ್‌ನಲ್ಲಿ ಎಣ್ಣೆ ಜಿನುಗಿದ ಮೇಲೆಯೇ ಪ್ಲಗ್ ಹಾಕಿ ಇಂಜಿನ್ ಚಾಲೂ ಮಾಡಬೇಕು. ಹಿಂದಿನವು ತೊಯ್ದು ಮುಂದಿನವು ಒಣಗಿದ್ದರೆ ಶಾಫ್ಟಿನೊಳಗೆ ಇನ್ನೂ ಕಸ ಇದೆ. ಯಾವುದೂ ತೊಯ್ಯದಿದ್ದರೆ ಹಿಂದಿನ ಬ್ರಾಕೆಟ್ಟಿನ ಎಣ್ಣೆ ದಾರಿ ಮುಚ್ಚಿದೆ, ಇಲ್ಲವೇ ಶಾಫ್ಟ್ ಓರೆಯಾಗಿ ಕೂತು ಲಾಕ್ ಸ್ಕ್ರೂ ತನ್ನ ಗುಳಿಗೆ ಬಿದ್ದಿಲ್ಲ. ಸುಮಾರು 800 ಕಿಲೋಮೀಟರ್ ಓಡಿದ ಮೇಲೆ ಹೆಡ್ ನಟ್ ಮತ್ತು ಟ್ಯಾಪೆಟ್ ಮತ್ತೊಮ್ಮೆ ನೋಡಿಸಿ, ಆಯಿಲ್ ಕೂಡ ಆಗಲೇ ಬದಲಿಸಿ. ಅಷ್ಟಾದರೂ ಒಂದೇ ಸಿಲಿಂಡರಿನಲ್ಲಿ ಟಕಟಕ ಉಳಿದಿದ್ದರೆ ಬುಷ್ಷನ್ನು ಮತ್ತೆ ಕೆದಕಬೇಡಿ. ಆ ಪುಶ್‌ರಾಡನ್ನು ಗಾಜಿನ ಮೇಲೆ ಉರುಳಿಸಿ ಬಾಗಿದೆಯೇ ನೋಡಿ, ಅದರ ಬಟ್ಟಲು ನೋಡಿ, ನಂತರ ಪಕ್ಕದ ಕವರ್ ತೆಗೆದು ಟ್ಯಾಪೆಟ್ ತಳದಲ್ಲಿ ಗುಳಿ ಬಿದ್ದಿದೆಯೇ ಎಂದು ಪರೀಕ್ಷಿಸಿ.